ಗಿಡ್ಡ ದನದ ಜೀನ್ ಟೆಸ್ಟ್: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ

ಅಡ್ಕಸ್ಥಳ_ಹಟ್ಟಿ:
ಎಣ್ಮಕಜೆ ಕಡೆಯ ಐದು ಮನೆಗಳಲ್ಲಿ ಸೇರಿ ಕಾಸರಗೋಡು ಗಿಡ್ಡ 40 ದನ, 2 ಹೋರಿ ಉಂಟು. ಪ್ರಶ್ನೆ ಮೂರು. ಒಂದು, ಹಾಲಿನ ಕೊಬ್ಬಿಗೆಂದು ಡಿಜಿಎಟಿ1 ಟೆಸ್ಟ್ ಮಾಡಿಸಿ ಒಳ್ಳೆಯ ದನ ಆರಿಸಲಿಕ್ಕೆ ಬರುತ್ತದಾ? ಎರಡು, ಡಿಎನ್‌ಎಯನ್ನು 50 ಸಾವಿರ ಕಡೆ ಓದುವ ‘50 ಸಾವಿರ ಗುರುತಿನ ಚಿಪ್’ ಹಾಕಿಸಿ ಹೋರಿಗಳಿಗೆ ಅಂಕ ತೆಗೆಸಬಹುದಾ? ಮೂರು, ಡಿಜಿಎಟಿ1 ಹುಡುಕಿದ ಬೆಲ್ಜಿಯಂನ ಮಿಶೆಲ್ ಜಾರ್ಜ್ ಮನುಷ್ಯರ ಕರುಳಿನ ಕಾಯಿಲೆಯ ಮೇಲೂ ಕೆಲಸ ಮಾಡಿದವರಂತೆ. ದನದ ಕೆಚ್ಚಲಿಗೂ ಮನುಷ್ಯನ ಕರುಳಿಗೂ ಎತ್ತಣಿಂದೆತ್ತ ಸಂಬಂಧ ಮಾರಾಯ್ರೆ?

ಬೆಂಚು_ನಾಲ್ಕು:
ಮೊದಲನೆಯದಕ್ಕೆ ಉತ್ತರ: ಬೇಡ. ದುಡ್ಡು ದಂಡ.

ಡಿಜಿಎಟಿ1 ಜೀನ್ ದನದ 14ನೇ ವರ್ಣತಂತುವಿನಲ್ಲಿದೆ. ಕೊಬ್ಬಿನ ಕಣ ಕಟ್ಟುವ ಕೆಲಸದ ಕೊನೆಯ ಹೆಜ್ಜೆಯ ಕಿಣ್ವವನ್ನು ಅದು ತಯಾರಿಸುತ್ತದೆ. ಆ ಕಿಣ್ವದ 232ನೇ ಸ್ಥಾನದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಇದ್ದರೆ ಕೊಬ್ಬು ಜಾಸ್ತಿ, ಹಾಲು ಕಡಿಮೆ. ಅಲನಿನ್ ಇದ್ದರೆ ಹಾಲು ಜಾಸ್ತಿ, ಕೊಬ್ಬು ಕಡಿಮೆ. ಜಾರ್ಜ್ ಅವರ ಲೀಜ್ ವಿಶ್ವವಿದ್ಯಾಲಯದ ಗುಂಪು ಇದನ್ನು 2002ರಲ್ಲಿ ಪ್ರಕಟಿಸಿತು. ಹೋಲ್‌ಸ್ಟೀನ್ ಎಂಬ ಸೀಮೆ ತಳಿಯಲ್ಲಿ ಎರಡೂ ಬಗೆ ಇರುವುದರಿಂದ ಅಲ್ಲಿ ಆರಿಸಲಿಕ್ಕೆ ಏನಾದರೂ ಉಂಟು. ನಮ್ಮ ಡುಬ್ಬದ ದನಗಳಲ್ಲಿ ಬಹುತೇಕ ಎಲ್ಲವಕ್ಕೂ ಎರಡೂ ಪ್ರತಿ (ಅಪ್ಪನದೊಂದು, ಅಮ್ಮನದೊಂದು) ಲೈಸಿನ್ನೇ. ಕ್ಲಾಸಿನವರಿಗೆಲ್ಲ ಒಂದೇ ಮಾರ್ಕು ಬರುವ ಪರೀಕ್ಷೆ ಇಟ್ಟು ರ‍್ಯಾಂಕ್ ಕೊಡುವುದು ಹೇಗೆ?

ಒಂದೇ ಒಂದು ಉಪಯೋಗ: ಅಲನಿನ್ ಕಂಡರೆ ಹಿಂದೆ ಎಲ್ಲೋ ಸೀಮೆ ಹೋರಿಯ ರಕ್ತ ಸೇರಿದೆ ಎಂಬ ಅನುಮಾನಕ್ಕೆ ಬಲ ಬರುತ್ತದೆ. ಕಾಣಲಿಲ್ಲ ಅಂದ ಮಾತ್ರಕ್ಕೆ ಶುದ್ಧ ತಳಿ ಅಂತ ಅಲ್ಲ.

ಟೆಸ್ಟ್ ಮಾಡಿಸಲೇಬೇಕೆಂದಿದ್ದರೆ ಲ್ಯಾಬಿನವರಿಗೆ ಇದೊಂದು ಕೇಳಿ. ಹಳೆಯ ಪದ್ಧತಿಯಲ್ಲಿ ಡಿಎನ್‌ಎಯ 411 ಅಕ್ಷರದ ತುಂಡನ್ನು ನಕಲು ಹೆಚ್ಚಿಸುವ ಪಿಸಿಆರ್‌ನಲ್ಲಿ ಬೆಳೆಸಿ ಸಿಎಫ್‌ಆರ್1 ಎಂಬ ಕಿಣ್ವದಲ್ಲಿ ಕತ್ತರಿಸುತ್ತಾರೆ. ಅಲನಿನ್ ಬಗೆ 203 ಮತ್ತು 208ರ ಎರಡು ತುಂಡಾಗುತ್ತದೆ. ತುಂಡುಗಳನ್ನು ಉದ್ದದ ಪ್ರಕಾರ ಬೇರೆ ಮಾಡುವ ಜೆಲ್‌ನಲ್ಲಿ ಅವು ಒಂದೇ ಪಟ್ಟಿಯಾಗಿ ಕಾಣುತ್ತವೆ. ಲೈಸಿನ್ ಬಗೆ ಕತ್ತರಿಸುವುದಿಲ್ಲ, 411ರಲ್ಲೇ ನಿಲ್ಲುತ್ತದೆ. ತೊಂದರೆ ಏನೆಂದರೆ ಕಿಣ್ವ ಹಾಳಾಗಿದ್ದರೂ ಪಟ್ಟಿ 411ರಲ್ಲೇ ನಿಲ್ಲುತ್ತದೆ! ದೇಸಿ ದನದಲ್ಲಿ ನಿರೀಕ್ಷೆಯೂ ಅದೇ ಆದ್ದರಿಂದ ತಪ್ಪು ಆಗಿದೆಯೆಂದು ಯಾರಿಗೂ ಗೊತ್ತಾಗುವುದಿಲ್ಲ. ಪ್ರತಿ ಜೆಲ್‌ನಲ್ಲೂ ಎರಡು ಪ್ರತಿ ಅಲನಿನ್ ಇರುವ ಒಂದು ಹೋಲ್‌ಸ್ಟೀನ್ ಮಾದರಿ ಓಡಿಸಿದ್ದಾರಾ? ಇಲ್ಲದಿದ್ದರೆ ಆ ವರದಿಯನ್ನು ನಂಬಬೇಡಿ.

ಅಡ್ಕಸ್ಥಳ_ಹಟ್ಟಿ:
ಹಾಗಾದರೆ ಎಲ್ಲ ಗಿಡ್ಡಕ್ಕೂ ಕೊಬ್ಬು ಒಂದೇ ಬರಬೇಕಿತ್ತಲ್ಲ? ಒಂದೇ ಹಟ್ಟಿಯ ದನಗಳಲ್ಲಿ ಒಂದಕ್ಕೆ 3.6 ಶೇಕಡಾ, ಇನ್ನೊಂದಕ್ಕೆ 5.2 ಬರುತ್ತದೆ.

ತಾಳವಾಡಿ_ಪಶುವೈದ್ಯ:
ಕೊಬ್ಬಿಗೆ ಒಂದೇ ಜೀನ್ ಅಲ್ಲ ಸಾರ್, ನೂರಾರಿವೆ. ಡಿಜಿಎಟಿ1 ಅದರಲ್ಲಿ ದೊಡ್ಡದು ಅಷ್ಟೆ. ಆದರೆ ಜೀನ್ ಮಾತಿಗೆ ಮೊದಲು ಆ 3.6 ನಿಜವೇ ನೋಡಿ. ಕೆಚ್ಚಲಿನಿಂದ ಮೊದಲು ಇಳಿಯುವ ಹಾಲು ತೆಳು, ಕೊಬ್ಬೆಲ್ಲ ಕೊನೆಯ ಧಾರೆಯಲ್ಲಿ. ಗಿಡ್ಡ ದನ ಕರು ಬಿಡದೆ ಸೊರೆಯುವುದಿಲ್ಲ. ಮೊದಲು ಕರು ಬಿಟ್ಟು, ಕರೆದು, ಕೊನೆಗೆ ಮತ್ತೆ ಕರುವಿಗೇ ಬಿಟ್ಟರೆ ದಪ್ಪ ಹಾಲೆಲ್ಲ ಕರುವಿನ ಹೊಟ್ಟೆಗೆ, ನಿಮ್ಮ ಪುಸ್ತಕಕ್ಕೆ ನೀರು ಹಾಲು. ಪಕ್ಕದ ಹಟ್ಟಿಯವರು ಕೊನೆಯ ತನಕ ಹಿಂಡಿದರೆ ಅವರ ದನ ‘ಜಾತಿವಂತ’ ಆಗಿಬಿಡುತ್ತದೆ. ಅದು ದನದ ಗುಣ ಅಲ್ಲ, ಕರೆಯುವವರ ಕೈ.

ಅಳೆಯುವ ದಿನ ಹೀಗೆ ಮಾಡಿ. ಹಿಂದಿನ ರಾತ್ರಿಯಿಂದ ಕರುವನ್ನು ಬೇರೆ ಕಟ್ಟಿ. ಬೆಳಿಗ್ಗೆ ಸೊರೆಸಲು ಅರ್ಧ ನಿಮಿಷ ಬಿಟ್ಟು, ಎಳೆದು ಕಟ್ಟಿ, ನಾಲ್ಕೂ ಮೊಲೆ ಪೂರ್ತಿ ಕರೆದು ತೂಗಿ. ಪಾತ್ರೆಯಿಂದ ಪಾತ್ರೆಗೆ ಮೂರು ಸಲ ಸುರಿದು ಬೆರೆಸಿ ಮಾದರಿ ತೆಗೆಯಿರಿ. ಸಂಜೆಯ ಮಾದರಿ ಬೇರೆ, ಬೆಳಗಿನದು ಬೇರೆ. ಹೊತ್ತಿನ ಹಾಲಿನ ಪ್ರಮಾಣಕ್ಕೆ ತಕ್ಕಂತೆ ಸರಾಸರಿ ಹಾಕಬೇಕು. ಬೆಳಿಗ್ಗೆ 1.2 ಲೀಟರಿಗೆ 4.0, ಸಂಜೆ 0.6 ಲೀಟರಿಗೆ 5.5 ಬಂದರೆ ದಿನದ ಕೊಬ್ಬು 4.5. ಎರಡನ್ನೂ ಕೂಡಿ ಎರಡರಿಂದ ಭಾಗಿಸಿದರೆ 4.75 ಬರುತ್ತದೆ, ತಪ್ಪು. ಆ ದಿನ ಕರುವಿಗೆ ಅಳೆದು ಬಾಟಲಿಯಲ್ಲಿ ಕುಡಿಸಿ, ಉಪವಾಸ ಕೆಡವಬೇಡಿ.

ತಿಂಗಳಿಗೊಮ್ಮೆ ಸಾಕು, ಆದರೆ ತಪ್ಪಬಾರದು. ಕರು ಹಾಕಿದ ಮೊದಲ 5 ದಿನದ ಗಿಣ್ಣು ಹಾಲು ಲೆಕ್ಕಕ್ಕಿಲ್ಲ.

ಕೊಬ್ಬು ಅಳೆಯುವ ಗರ್ಬರ್ ಟೆಸ್ಟ್ ನೀವೇ ಮಾಡುವುದಾದರೆ: ಅದರ ಅಳತೆಗೆರೆಯ ಕೊಳವೆಗೆ ಮೊದಲು 90–91 ಶೇಕಡಾ ಗಂಧಕಾಮ್ಲ 10 ಮಿಲಿ, ಅದರ ಮೇಲೆ ಗೋಡೆಗುಂಟ ನಿಧಾನಕ್ಕೆ ಹಾಲು 10.75 ಮಿಲಿ, ಕೊನೆಗೆ ಅಮೈಲ್ ಆಲ್ಕೋಹಾಲ್ 1 ಮಿಲಿ. ಬಿರಡೆ ಹಾಕಿ, ಬಟ್ಟೆ ಸುತ್ತಿ ಹಿಡಿದು ಅಲುಗಿಸಿ (ಸುಡುತ್ತದೆ), ನಿಮಿಷಕ್ಕೆ 1100 ಸುತ್ತಿನಲ್ಲಿ 5 ನಿಮಿಷ ತಿರುಗಿಸಿ, 65 ಡಿಗ್ರಿ ನೀರಿನಲ್ಲಿಟ್ಟು ಓದಿ. ಕೊಬ್ಬಿನ ಕೆಳಗೆ ಕಪ್ಪು ಕಣ ಕಂಡರೆ ಆಮ್ಲ ಜಾಸ್ತಿ ತೀಕ್ಷ್ಣ. ಬಿಳಿ ಗಸಿ ನಿಂತರೆ ಆಮ್ಲ ನೀರಾಗಿದೆ. ಮಳೆಗಾಲದಲ್ಲಿ ಬಾಟಲಿ ತೆರೆದಿಟ್ಟರೆ ಹೀಗಾಗುತ್ತದೆ, ಗಾಳಿಯ ತೇವವನ್ನೇ ಅದು ಹೀರುತ್ತದೆ.

ಮಂಜೇಶ್ವರ_ಲೆಕ್ಕ:
ಎರಡನೇ ಪ್ರಶ್ನೆ ನನ್ನ ಪಾಲಿಗಿರಲಿ.

ಚಿಪ್ ಅಂದರೆ ಬರೀ ತಕ್ಕಡಿ, ತೂಕದ ಕಲ್ಲು ಬೇರೆ. ಯಾವ ಗುರುತಿಗೆ ಎಷ್ಟು ಅಂಕ ಎಂಬ ಪಟ್ಟಿ ತಯಾರಾಗಬೇಕಾದರೆ ಅದೇ ತಳಿಯ ಸಾವಿರಾರು ದನಗಳ ಜೀನ್ ನಮೂನೆಯೂ ಬೇಕು, ಹಾಲಿನ ದಾಖಲೆಯೂ ಬೇಕು. ಮ್ಯೂವಿಸೆನ್, ಹೇಸ್, ಗೊಡಾರ್ಡ್ 2001ರಲ್ಲಿ ಈ ಲೆಕ್ಕ ಕೊಟ್ಟರು. ಅಮೆರಿಕದ ಹೋಲ್‌ಸ್ಟೀನ್‌ಗಳಿಗೆ 2009ರಿಂದ ಅಧಿಕೃತವಾಗಿ ಬಳಕೆಗೆ ಬಂತು. ಅಲ್ಲಿ ದಶಕಗಟ್ಟಲೆಯ ದಾಖಲೆ ಇತ್ತು. ಅವರ ಪಟ್ಟಿ ತಂದು ಗಿಡ್ಡದ ಮೇಲೆ ಹೊರಿಸಿದರೆ ನಡೆಯುವುದಿಲ್ಲ. ಗುರುತು ತಾನೇ ಕೆಲಸ ಮಾಡುವುದಲ್ಲ, ನಿಜವಾದ ಜೀನ್ ವ್ಯತ್ಯಾಸದ ನೆರೆಮನೆಯಲ್ಲಿ ಕೂತಿರುತ್ತದೆ. ಹೋಲ್‌ಸ್ಟೀನ್‌ನಲ್ಲಿ ನೆರೆಯಾದದ್ದು ಇಲ್ಲಿ ನೆರೆಯಾಗಿರಬೇಕೆಂದಿಲ್ಲ. ಮೇಲಾಗಿ ಹಳೆಯ ಚಿಪ್‌ಗಳ ಗುರುತುಗಳನ್ನು ಐರೋಪ್ಯ ತಳಿಗಳಲ್ಲಿ ವ್ಯತ್ಯಾಸ ಕಂಡ ಕಡೆಯಿಂದ ಹೆಕ್ಕಿದ್ದು. ನಮ್ಮ ದನಗಳಲ್ಲಿ ಅವುಗಳಲ್ಲಿ ಎಷ್ಟೋ ಮೂಕ. ಅದಕ್ಕೇ ದೇಸಿ ದನಗಳಿಗೆ ಬೇರೆ ಚಿಪ್ ಬೇಕಾಯಿತು. ಗೌಚಿಪ್ ಮತ್ತು ಎಮ್ಮೆಗಳ ಮಹಿಷ್‌ಚಿಪ್ 2024ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ವಾಶಿಮ್‌ನಲ್ಲಿ ಬಿಡುಗಡೆಯಾದವು. ತಕ್ಕಡಿ ಬಂತು. 40 ದನದಿಂದ ಕಲ್ಲು ತಯಾರಾಗುವುದಿಲ್ಲ.

ಹಳೆಯ ದಾರಿ ಉಂಟಲ್ಲ, ಹೆಣ್ಣು ಮಕ್ಕಳ ಹಾಲು ನೋಡಿ ಅಪ್ಪನಿಗೆ ಬೆಲೆ ಕಟ್ಟುವುದು, ಅದರ ಲೆಕ್ಕ ನೋಡಿ. ಹಾಲಿನ ಪ್ರಮಾಣದ ಆನುವಂಶೀಯತೆ (ದನದಿಂದ ದನಕ್ಕಿರುವ ವ್ಯತ್ಯಾಸದಲ್ಲಿ ಜೀನಿನ ಪಾಲು) 0.25 ಅಂತಿಟ್ಟರೆ ಅಂದಾಜಿನ ವಿಶ್ವಾಸಾರ್ಹತೆ (1 ಅಂದರೆ ಪೂರ್ತಿ ಖಚಿತ) ಹೆಣ್ಣುಮಕ್ಕಳ ಸಂಖ್ಯೆಯನ್ನು ಆ ಸಂಖ್ಯೆಗೆ 15 ಕೂಡಿಸಿದ್ದರಿಂದ ಭಾಗಿಸಿದಷ್ಟು. 5 ಮಗಳಿಗೆ 0.25, 10ಕ್ಕೆ 0.40, 50ಕ್ಕೆ 0.77. ಗರ್ಭ ಕಟ್ಟುವ ಗುಣದ ಆನುವಂಶೀಯತೆ 0.04ರ ಆಸುಪಾಸು, ಅಲ್ಲಿ 15ರ ಬದಲು 99. ಹಾಗಾಗಿ 50 ಹೆಣ್ಣುಮಕ್ಕಳಿದ್ದರೂ 0.34ಕ್ಕೆ ನಿಲ್ಲುತ್ತದೆ. ಸರಿಯಾಗಿ ಬೆದೆಗೆ ಬಾರದ ದನಕ್ಕೆ ಜೀನ್ ದೂರುವ ಮೊದಲು ಖನಿಜ ಮಿಶ್ರಣ, ಜಂತು, ಮೇವು ನೋಡಿ ಅನ್ನುವುದು ಇದಕ್ಕೇ.

ಮನುಷ್ಯರಲ್ಲೂ ಇದೇ ಕಥೆ. 2022ರಲ್ಲಿ 54 ಲಕ್ಷ ಜನರ ಜೀನ್ ನೋಡಿ ಎತ್ತರಕ್ಕೆ ಸಂಬಂಧಪಟ್ಟ 12,111 ವ್ಯತ್ಯಾಸಗಳನ್ನು ಪಟ್ಟಿ ಮಾಡಿದರು. ಐರೋಪ್ಯ ಮೂಲದವರಲ್ಲಿ ಎತ್ತರದ ಏರುಪೇರಿನ 40 ಶೇಕಡಾ ಅದರಿಂದ ವಿವರಿಸಲು ಬಂತು. ಬೇರೆ ಮೂಲದವರಲ್ಲಿ 10ರಿಂದ 20. ಎತ್ತರದಂಥ ನೆಟ್ಟಗೆ ಅಳೆಯುವ ಗುಣಕ್ಕೇ ಹೀಗೆ. ಆನ್‌ಲೈನಿನಲ್ಲಿ ಎಂಜಲು ಕಳಿಸಿ ‘ಹೃದಯಾಘಾತದ ಅಂಕ’ ತರಿಸುವವರು ಆ ಪಟ್ಟಿ ಯಾರ ಮೇಲೆ ತಯಾರಾದದ್ದೆಂದು ಕೇಳಬೇಕು. ನಮ್ಮಲ್ಲಿ ಜೀನೋಮ್‌ಇಂಡಿಯಾದ 10,000 ಜನರ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಅದು ವ್ಯತ್ಯಾಸಗಳ ಪಟ್ಟಿಗೆ ಒಳ್ಳೆಯ ಬುನಾದಿ. ಕಾಯಿಲೆಯ ಅಂಕಕ್ಕೆ ಕಾಯಿಲೆಯಿರುವವರ, ಇಲ್ಲದವರ ದೊಡ್ಡ ಗುಂಪು ಬೇರೆಯೇ ಬೇಕು.

ಉಪ್ಪಳ_ಡಾಕ್ಟ್ರು:
ಕೆಚ್ಚಲು–ಕರುಳಿನ ಸಂಬಂಧ ಕೇಳಿದಿರಲ್ಲ. ಹಾಲಿನ ಪ್ರಮಾಣವೂ ಕರುಳಿನ ಉರಿಯೂತದ ಕ್ರೋನ್ಸ್ ಕಾಯಿಲೆಯೂ ಲೆಕ್ಕದ ಪ್ರಕಾರ ಒಂದೇ ಜಾತಿಯ ಸಮಸ್ಯೆ: ನೂರಾರು ಜೀನ್, ಒಂದೊಂದರದ್ದೂ ಸಾಸಿವೆಯಷ್ಟು ಪ್ರಭಾವ, ಜೊತೆಗೆ ಪರಿಸರ. ಹುಡುಕುವ ಉಪಾಯ ಒಂದೇ ಆದ್ದರಿಂದ ಅದೇ ಜನ ಎರಡು ಕಡೆಗೂ ಕೈ ಹಾಕಿದರು.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. 2007ರಲ್ಲಿ ಜಾರ್ಜ್ ಅವರ ಗುಂಪು 547 ಕ್ರೋನ್ಸ್ ರೋಗಿಗಳನ್ನು 928 ಆರೋಗ್ಯವಂತರ ಜೊತೆ ಹೋಲಿಸಿತು. 5ನೇ ವರ್ಣತಂತುವಿನಲ್ಲಿ ಒಂದು ಜಾಗ ಎದ್ದು ಕಂಡಿತು. ನೋಡಿದರೆ ಅಲ್ಲಿ ಜೀನೇ ಇಲ್ಲ! ಸುಮಾರು 12.5 ಲಕ್ಷ ಅಕ್ಷರಗಳಷ್ಟು ಬೋಳು ಗುಡ್ಡೆ. ಕೊನೆಗೆ ಸಿಕ್ಕಿದ ಸುಳಿವು ಏನೆಂದರೆ, ಆ ಬೋಳು ಜಾಗದ ವ್ಯತ್ಯಾಸಗಳು ಸುಮಾರು 2.7 ಲಕ್ಷ ಅಕ್ಷರ ಆಚೆಗಿರುವ ಪಿಟಿಜಿಇಆರ್4 ಎಂಬ ಜೀನ್ ಎಷ್ಟು ಉರಿಯಬೇಕೆಂದು ನಿರ್ಧರಿಸುತ್ತವೆ. ಸ್ವಿಚ್ಚು ಜಗಲಿಯಲ್ಲಿ, ಬಲ್ಬು ಹಟ್ಟಿಯಲ್ಲಿ. ಹಂದಿಯ ಮಾಂಸಖಂಡ ಹೆಚ್ಚಿಸುವ ಐಜಿಎಫ್2 ಜೀನಿನ ವ್ಯತ್ಯಾಸವೂ ಇಂಥದ್ದೇ: ಪ್ರೋಟೀನು ಬದಲಾಗುವುದಿಲ್ಲ, ಒಂದೇ ಅಕ್ಷರ ಬದಲಾಗಿ ಜೀನ್ ತಗ್ಗಿಸುವ ಕೀಲಿ ಕೂರುವುದಿಲ್ಲ. ಅದು 2003ರದ್ದು, ಅದರಲ್ಲೂ ಲೀಜ್‌ನವರ ಕೈಯುಂಟು.

ಡಿಜಿಎಟಿ1 ಕೂಡ ಕರುಳಿಗೆ ಬಂದೇ ಬರುತ್ತದೆ. ಮನುಷ್ಯರಲ್ಲಿ ಅದರ ಎರಡೂ ಪ್ರತಿ ಕೆಟ್ಟರೆ ಹುಟ್ಟಿದ ಮಗುವಿಗೆ ನಿಲ್ಲದ ಭೇದಿ. 2012ರಲ್ಲಿ ಅಂಥ ಕುಟುಂಬದ ವರದಿ ಬಂತು. ಬೊಜ್ಜಿಗೆಂದು ಆ ಕಿಣ್ವ ತಡೆಯುವ ಗುಳಿಗೆ ಪ್ರಯೋಗಿಸಿದಾಗಲೂ ಭೇದಿಯೇ ಅಡ್ಡ ಬಂತು. ಆ ಜೀನ್ ಕಿತ್ತ ಇಲಿಗಳಿಗೆ ಹಾಲೇ ಬರುವುದಿಲ್ಲ.

ಎಚ್ಚರಿಕೆ ಒಂದು: ನಮ್ಮಲ್ಲಿ ಕ್ರೋನ್ಸ್ ಅಂತ ಕಂಡದ್ದು ಕರುಳಿನ ಕ್ಷಯ ಆಗಿರಬಹುದು, ಹೊರನೋಟಕ್ಕೆ ಎರಡೂ ಒಂದೇ. ಅದನ್ನು ಬೇರೆ ಮಾಡುವುದು ಕೊಲೊನೋಸ್ಕೋಪಿ, ಬಯಾಪ್ಸಿ, ಕ್ಷಯದ ಪರೀಕ್ಷೆ. ಜೀನ್ ಟೆಸ್ಟ್ ಅಲ್ಲ. 2001ರಲ್ಲಿ ಸಿಕ್ಕಿದ, ಕ್ರೋನ್ಸ್‌ಗೆ ಸಂಬಂಧಪಟ್ಟ ಎನ್‌ಒಡಿ2 ಜೀನಿನ ಮೂರು ಹೆಸರುವಾಸಿ ವ್ಯತ್ಯಾಸಗಳು ಏಷ್ಯಾದವರಲ್ಲಿ ಅಪರೂಪ. ನೆಗೆಟಿವ್ ಬಂತೆಂದು ನೆಮ್ಮದಿ ಪಡಲಿಕ್ಕಿಲ್ಲ. ಬೀಡಿ ಸಿಗರೇಟು ಬಿಡಿಸಿದರೆ ಕ್ರೋನ್ಸ್‌ನವರಿಗೆ ಸಿಗುವ ಲಾಭ ಆ ವರದಿಯಿಂದ ಸಿಗುವುದಿಲ್ಲ.

ಮಂಜೇಶ್ವರ_ಲೆಕ್ಕ:
ಡಾಕ್ಟ್ರು ಹೇಳಿದ ‘ಜಾಗ ಸಿಗುತ್ತದೆ, ಜೀನ್ ಸಿಗುವುದಿಲ್ಲ’ ಎಷ್ಟು ಕಷ್ಟದ್ದೆಂದರೆ, 2017ರಲ್ಲಿ 67,852 ಜನರ ದತ್ತಾಂಶ ಹಿಡಿದು ಕರುಳಿನ ಉರಿಯೂತದ 139 ಸಂಬಂಧಗಳನ್ನು ಜರಡಿ ಹಿಡಿದಾಗ 95 ಶೇಕಡಾಕ್ಕಿಂತ ಹೆಚ್ಚು ಖಚಿತವಾಗಿ ಒಂದೇ ವ್ಯತ್ಯಾಸಕ್ಕೆ ಬೆರಳು ತೋರಿಸಲಿಕ್ಕಾದದ್ದು 18ಕ್ಕೆ.  

ಜತ್ತ_ಕುರಿಮಂದಿ:
ದನದ ಮಾತಿನ್ಯಾಗ ಕುರಿ ತಂದೆ ಅಂತ ಬೈಬ್ಯಾಡ್ರಿ. ನಮ್ಮ ಕಡೆ ಮಾಡಗ್ಯಾಳ ಕುರಿಗೆ ಅವಳಿ ಮರಿ ಜೀನ್ ತರ್ಬೇಕಂತ ಭಾಳ ಮಂದಿ ಕೇಳ್ತಾರ. ಇದು ಹಾಲಿನ್ಹಂಗ ನೂರು ಜೀನಿನ ಕಥಿ ಅಲ್ಲ, ಒಂದ ಜೀನ್. ಫೆಕ್‌ಬಿ ಅಂತಾರ. ಮೂಲ ಸುಂದರಬನದ ಗಾರೋಲ್ ಕುರಿ. ಆಸ್ಟ್ರೇಲಿಯಾದ ಬೂರೂಲಾ ಮೆರಿನೋಕ್ಕೂ ಅಲ್ಲಿಂದನ ಹೋದದ್ದು. ಫಲಟಣದ ನಿಂಬಕರ ಸಂಸ್ಥೆಯವರು ಇದನ್ನ ದಖ್ಖನಿ ಕುರಿಗೆ ಸೇರಿಸಿ ನಾರಿ ಸುವರ್ಣ ತಳಿ ಮಾಡ್ಯಾರ.

ಮಾಡೂದು ಹಿಂಗ: ಜೀನ್ ಇರೋ ಟಗರು × ಮಾಡಗ್ಯಾಳ ಕುರಿ. ಹುಟ್ಟಿದ್ರಾಗ ಟೆಸ್ಟ್ ಮಾಡಿ ಜೀನ್ ಇದ್ದದ್ದನ್ನಷ್ಟ ಇಟ್ಕೊಂಡು ಮತ್ತ ಮಾಡಗ್ಯಾಳಕ್ಕ ಹಾಯಿಸ್ಬೇಕು. ಮಾಡಗ್ಯಾಳದ ಪಾಲು 50, 75, 87.5, 93.75 ಹಿಂಗ ಏರ್ತದ. ಪ್ರತಿ ಸಲ ಅರ್ಧ ಮರಿಗಷ್ಟ ಜೀನ್ ಇರ್ತದ. ಟೆಸ್ಟ್ ಬಿಟ್ಟು ‘ಅವಳಿ ಹುಟ್ಟಿದ ಟಗರು’ ಅಂತ ಆರಿಸಿದ್ರ ಮೂರನೇ ತಲಿಗೆ ಜೀನ್ ಹೋಗಿಬಿಟ್ಟಿರ್ತದ, ಯಾಕಂದ್ರ ಅವಳಿ ಮರಿ ಎರಡರಾಗ ಒಂದಕ್ಕ ಜೀನ್ ಬರದ ಇರಬಹುದು.

ಒಂದ ಪ್ರತಿ ಸಾಕು. ಎರಡ ಪ್ರತಿ ಆದ್ರ ಮೂರು ಮರಿ ಬೀಳ್ತಾವ, ಬ್ಯಾಸಗಿ ಮೇವಿನ್ಯಾಗ ತಾಯಿಗೆ ಹಾಲು ಸಾಲೂದಿಲ್ಲ. ಈಯೂಕಿಂತ ಮದ್ಲ ಆರು ವಾರ ದಾಣಿ ಹಾಕಲಿಕ್ಕೆ ಆಗೂದಿಲ್ಲಂದ್ರ ಈ ಜೀನಿಗೆ ಕೈ ಹಾಕಬ್ಯಾಡ್ರಿ. ಹೊಟ್ಯಾಗ ಮರಿ ಬೆಳಿಯೂದು ಬಹಳಷ್ಟು ಆವಾಗನ. ಸಣ್ಣ ಅವಳಿ ಮರಿಗೆ ಮೊದಲ ದಿನ ಕೆಜಿ ತೂಕಕ್ಕ 200 ಮಿಲಿ ಗಿಣ್ಣ ಹಾಲು, ನಾಕ ಹೊತ್ತಿನ್ಯಾಗ.

ಬೆಂಚು_ನಾಲ್ಕು:
ಜತ್ತದ ಅಣ್ಣನಿಗೆ ಒಂದು ಸೇರ್ಪಡೆ. ಫೆಕ್‌ಬಿ ಟೆಸ್ಟಿನಲ್ಲಿ ಎವಿಎ2 ಕಿಣ್ವ ಜೀನ್ ಇರುವ ತುಂಡನ್ನು 190ರಿಂದ 160ಕ್ಕೆ ಕತ್ತರಿಸುತ್ತದೆ, ಇಲ್ಲದ್ದು 190ರಲ್ಲೇ. ಕಿಣ್ವ ಕೆಟ್ಟರೆ ಜೀನ್ ಇರುವ ಟಗರೂ ‘ಇಲ್ಲ’ ಅಂತ ಬಂದು ಸಂತೆಗೆ ಹೋಗುತ್ತದೆ. ಗೊತ್ತಿರುವ ಒಂದು ಜೀನ್‌ವಂತ ಮಾದರಿ ಪ್ರತಿ ಸಲ ಜೊತೆಗಿರಲಿ. 30 ಅಕ್ಷರದ ವ್ಯತ್ಯಾಸ 1 ಶೇಕಡಾ ಅಗರೋಸ್‌ನಲ್ಲಿ ಕಾಣುವುದಿಲ್ಲ, 3ರಿಂದ 4 ಬೇಕು.

ಬದಿಯಡ್ಕ_ಪೇಟೆ:
ಎ2 ಹಾಲಿನ ಟೆಸ್ಟ್?

ಬೆಂಚು_ನಾಲ್ಕು:
ಅದು ನೋಡುವುದು ಹಾಲಿನ ಬೀಟಾ ಕೇಸಿನ್ ಎಂಬ ಪ್ರೋಟೀನಿನ 67ನೇ ಸ್ಥಾನ. ದೇಸಿ ದನದಲ್ಲಿ ಬಹುತೇಕ ಎ2ವೇ. ಬೋರ್ಡಿಗೆ ಬರೆಯಲು ಆದೀತು, ಹೋರಿ ಆರಿಸಲು ಅಲ್ಲ.

ಅಡ್ಕಸ್ಥಳ_ಹಟ್ಟಿ:
ಗಿಡ್ಡಕ್ಕೆ ಗಿಡ್ಡ ಹಾಯಿಸಿದರೆ ಕುಳ್ಳುತನ ಜಾಸ್ತಿಯಾಗಿ ಕರು ಸಾಯುತ್ತದೆಂದು ಒಬ್ಬರು ಹೆದರಿಸಿದರು. ಹೌದಾ?

ತಾಳವಾಡಿ_ಪಶುವೈದ್ಯ:
ಅದು ಡೆಕ್ಸ್‌ಟರ್ ಎಂಬ ಸೀಮೆ ತಳಿಯ ಕಥೆ ಸಾರ್. ಅಲ್ಲಿ ಎಸಿಎಎನ್ ಎಂಬ ಒಂದೇ ಜೀನ್ ಕೆಟ್ಟು ಕಾಲು ಮೋಟಾಗುತ್ತದೆ. ಎರಡೂ ಪ್ರತಿ ಕೆಟ್ಟ ಕರು ಬುಲ್‌ಡಾಗ್ ಮುಖದ್ದಾಗಿ ಗರ್ಭದಲ್ಲೇ ಹೋಗುತ್ತದೆ. ಗಿಡ್ಡದ ಮೈ, ಕಾಲು, ತಲೆ ಎಲ್ಲ ಅಳತೆಗೆ ಸರಿಯಾಗಿಯೇ ಚಿಕ್ಕದು, ತಲೆಮಾರುಗಳಿಂದ ತನ್ನೊಳಗೇ ಬೆಳೆದು ಬಂದಿದೆ. ಹೆದರಬೇಕಾದದ್ದು ಕುಳ್ಳುತನಕ್ಕಲ್ಲ, ಎರಡೇ ಹೋರಿಗೆ.

ಮಂಜೇಶ್ವರ_ಲೆಕ್ಕ:
ಅದೇ. ಲೆಕ್ಕ ಹಾಕಿ: ಹೋರಿ ಸಂಖ್ಯೆ × ದನದ ಸಂಖ್ಯೆ × 4, ಅದನ್ನು ಹೋರಿ, ದನ ಎರಡೂ ಸೇರಿದ ಮೊತ್ತದಿಂದ ಭಾಗಿಸಿ. 2 ಹೋರಿ, 40 ದನಕ್ಕೆ 320 ÷ 42, ಅಂದರೆ 7.6. ಹಟ್ಟಿ ತುಂಬಾ 42 ತಲೆ ಕಂಡರೂ ತಳಿಯ ಲೆಕ್ಕಕ್ಕೆ ಎಂಟೂ ಇಲ್ಲ. ಪ್ರತಿ ತಲೆಮಾರಿಗೆ ಏರುವ ಒಳತಳಿ ಪ್ರಮಾಣ (ಒಂದೇ ಹಿರಿಯರ ಜೀನ್ ಕರುವಿಗೆ ಅಪ್ಪ, ಅಮ್ಮ ಎರಡೂ ಕಡೆಯಿಂದ ಬರುವ ಸಾಧ್ಯತೆ) 1ನ್ನು ಆ 7.6ರ ಎರಡು ಪಟ್ಟಿನಿಂದ ಭಾಗಿಸಿದಷ್ಟು: 6.6 ಶೇಕಡಾ. ಎರಡರಲ್ಲಿ ಒಂದೇ ಹೋರಿ ಹತ್ತರಲ್ಲಿ ಒಂಬತ್ತು ಸಲ ಹಾಯುತ್ತಿದ್ದರೆ 10 ದಾಟುತ್ತದೆ. ಮನೆಗೊಂದರಂತೆ 5 ಹೋರಿ ಇಟ್ಟು ಸಮನಾಗಿ ಬಳಸಿದರೆ 2.8ಕ್ಕೆ ಇಳಿಯುತ್ತದೆ. ಯಾವ ಚಿಪ್ಪೂ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಕೊಡುವುದಿಲ್ಲ.

ಸರದಿ ಹೀಗಿರಲಿ: ಒಂದನೇ ಮನೆಯಲ್ಲಿ ಹುಟ್ಟಿದ ಹೋರಿ ಕರು ಎರಡನೇ ಮನೆಗೆ, ಎರಡನೆಯದು ಮೂರಕ್ಕೆ, ಐದರದ್ದು ಒಂದಕ್ಕೆ. ಹೆಣ್ಣು ಕರು ಹುಟ್ಟಿದ ಮನೆಯಲ್ಲೇ. ಹೋರಿಯ ಮೊದಲ ಮಗಳು ಬೆದೆಗೆ ಬರುವ ಮುಂಚೆ ಆ ಹೋರಿ ಹಟ್ಟಿ ಬಿಟ್ಟಿರಬೇಕು. ಅಪ್ಪ–ಮಗಳು ಕೂಡಿದರೆ ಕರುವಿನ ಒಳತಳಿ ಪ್ರಮಾಣ 25 ಶೇಕಡಾ, ಒಂದೇ ಅಪ್ಪನ ಬೇರೆ ತಾಯಂದಿರ ಮಕ್ಕಳಿಗೆ 12.5. ಸೋದರಮಾವನ ಮದುವೆಯಲ್ಲಿ ಹುಟ್ಟುವ ಮಗುವಿನ ಲೆಕ್ಕವೂ 12.5, ಅತ್ತೆ–ಮಾವನ ಮಕ್ಕಳ ಮದುವೆಯಲ್ಲಿ 6.25.

ಉಪ್ಪಳ_ಡಾಕ್ಟ್ರು:
ಅದನ್ನು ಓದಿ ಬಿಪಿ, ಶುಗರಿಗೆಲ್ಲ ಸಂಬಂಧದ ಮದುವೆಯನ್ನು ದೂರಬೇಡಿ. ಅದರಿಂದ ಮುಖ್ಯವಾಗಿ ಏರುವ ಅಪಾಯ ಎರಡೂ ಪ್ರತಿ ಕೆಟ್ಟರೆ ಮಾತ್ರ ಬರುವ ಒಂಟಿ ಜೀನ್ ಕಾಯಿಲೆಗಳದ್ದು. ಅಂಥದ್ದು ಕುಟುಂಬದಲ್ಲಿ ಕಂಡಿದ್ದರೆ ಮದುವೆಗೆ ಮೊದಲು ಆ ಒಂದು ಜೀನಿಗೆ ಟೆಸ್ಟ್ ಮಾಡಿಸಿ. ಅಲ್ಲಿ ಉತ್ತರ ಹೌದು–ಇಲ್ಲ ಎಂದೇ ಬರುತ್ತದೆ.

ತಾಳವಾಡಿ_ಪಶುವೈದ್ಯ:
ದನದಲ್ಲೂ ಹಾಗೆಯೇ. ವೀರ್ಯ ಕೇಂದ್ರಗಳು ಹೋಲ್‌ಸ್ಟೀನ್ ಹೋರಿಗಳನ್ನು ಬಿಎಲ್‌ಎಡಿ, ಸಿಟ್ರುಲಿನೀಮಿಯ, ಫ್ಯಾಕ್ಟರ್ 11 ಕೊರತೆ ಎಂಬ ಒಂಟಿ ಜೀನ್ ಕಾಯಿಲೆಗಳಿಗೆ ನೋಡುವುದು ಇದಕ್ಕೇ. ಮಿಶ್ರತಳಿಗೆ ವೀರ್ಯದ ಸ್ಟ್ರಾ ತರುವವರು ಹೋರಿಯ ಈ ವರದಿ ಕೇಳಿ ಪಡೆಯಿರಿ.

ಅಡ್ಕಸ್ಥಳ_ಹಟ್ಟಿ:
ಸರದಿ ಒಪ್ಪಿದೆ. ಆದರೆ ದನ ಗುಡ್ಡೆಗೆ ಮೇಯಲು ಹೋಗುತ್ತದೆ. ಅಲ್ಲಿ ಯಾವ ಹೋರಿ ಹಾಯಿತು ಅಂತ ಹೇಗೆ ಬರೆಯುವುದು?

ಬೆಂಚು_ನಾಲ್ಕು:
ದುಡ್ಡು ಹಾಕಬೇಕಾದದ್ದು ಇಲ್ಲಿ ನೋಡಿ, ಅಪ್ಪ ಯಾರೆಂಬ ಪರೀಕ್ಷೆಗೆ. ಅದಕ್ಕೆ 200ರಷ್ಟು ಗುರುತು ಸಾಕು. ಐದೂ ಹೋರಿಗಳ ಮಾದರಿ ಒಮ್ಮೆ ಕೊಟ್ಟಿಡಿ, ಆಮೇಲೆ ಹುಟ್ಟಿದ ಕರುಗಳದ್ದು ಮಾತ್ರ. ಬೀಜಕ್ಕೆ ಬೇಡದ ಗಂಡು ಕರುಗಳ ಬೀಜ ಹೊಸಕಿಸದಿದ್ದರೆ ಇದೂ ವ್ಯರ್ಥ.

ಮಾದರಿಗೆ ಬಾಲದ ಕುಚ್ಚಿನಿಂದ 25–30 ಕೂದಲು. ಕತ್ತರಿಸಬಾರದು, ಬೆರಳಿಗೆ ಸುತ್ತಿ ಒಂದೇ ಏಟಿಗೆ ಕೀಳಬೇಕು, ತುದಿಯಲ್ಲಿ ಬಿಳಿ ಗಡ್ಡೆ ಕಾಣಬೇಕು. ಡಿಎನ್‌ಎ ಇರುವುದು ಆ ಗಡ್ಡೆಯಲ್ಲಿ. ಸಗಣಿ ಹತ್ತಿದ್ದರೆ ಮೊದಲೇ ತೊಳೆದು ಒಣಗಿಸಿ. ಕಾಗದದ ಲಕೋಟೆಯಲ್ಲಿಡಿ, ಪ್ಲಾಸ್ಟಿಕ್ ಬೇಡ. ಆಟಿಯ ಮಳೆಯಲ್ಲಿ ಎರಡೇ ದಿನಕ್ಕೆ ಬೂಸ್ಟು ಬರುತ್ತದೆ. ಲಕೋಟೆಯ ಮೇಲೆ ಕಿವಿಯೋಲೆಯ 12 ಅಂಕಿ ಪೂರ್ತಿ ಬರೆಯಿರಿ, ‘ಕೆಂಪಿ’, ‘ಗೌರಿ’ ಅಂತ ಅಲ್ಲ. ಒಂದು ದನ ಮುಗಿದ ಮೇಲೆ ಕೈ ಒರೆಸಿಯೇ ಮುಂದಿನದು. ರಕ್ತ ಕೊಡುವುದಾದರೆ ನೇರಳೆ ಮುಚ್ಚಳದ ಇಡಿಟಿಎ ನಳಿಗೆ, 8–10 ಸಲ ಮೆಲ್ಲಗೆ ಬುಡಮೇಲು ಮಾಡಿ 4 ಡಿಗ್ರಿಯಲ್ಲಿ ಕಳಿಸಿ. ಹಸಿರು ಮುಚ್ಚಳದ ಹೆಪಾರಿನ್ ನಳಿಗೆ ಬೇಡ, ಅದು ಪಿಸಿಆರನ್ನೇ ಕೆಡಿಸುತ್ತದೆ.

ಅಡ್ಕಸ್ಥಳ_ಹಟ್ಟಿ:
ಒಂದು ಅವಳಿ ಉಂಟು, ಹೋರಿ ಕರುವಿನ ಜೊತೆ ಹುಟ್ಟಿದ ಹೆಣ್ಣು. ರಕ್ತವಾ ಕೂದಲಾ?

ಬೆಂಚು_ನಾಲ್ಕು:
ಕೂದಲು. ಅವಳಿಗಳ ರಕ್ತ ಗರ್ಭದಲ್ಲೇ ಬೆರೆತಿರುತ್ತದೆ, ಒಂದೇ ನಳಿಗೆಯಲ್ಲಿ ಎರಡು ಕರುವಿನ ಜೀನ್ ಬಂದು ವರದಿ ಗೋಜಲಾಗುತ್ತದೆ. ಅಂಥ ಹೆಣ್ಣು ಹತ್ತರಲ್ಲಿ ಒಂಬತ್ತು ಗೊಡ್ಡೇ. ಬೀಜದ ಲೆಕ್ಕದ 40ರಲ್ಲಿ ಅದನ್ನು ಸೇರಿಸಿದ್ದರೆ 39 ಅಂತ ತಿದ್ದಿಕೊಳ್ಳಿ.